ಹೊಯ್ಸಳ ನಾಡಿನ ಜೈನ ಆಕರಗಳು ಮತ್ತು ಗ್ರಂಥಭಂಡಾರದ ಹೊಸ ಸಾಧನಗಳು

ಅರಸೀಕೆರೆ, ಬೇಲೂರು, ಹಳೇಬೀಡು ಎಂಬ ಹಾಸನ ಜಿಲ್ಲೆಯ ಈ ಮೂರು ಊರುಗಳು ಹೊಯ್ಸಳರ ಕಾಲದ ಜೈನಧರ್ಮದ ಇತಿಹಾಸಕ್ಕೆ ಒದಗಿಸುವ ಸಾಮಗ್ರಿ ವಿಪುಲವಾದುದು. ಅದರಲ್ಲಿ ಬಹುಭಾಗ ಕಲ್ಲಿನ ಮೇಲಿದೆ. ಅದೇ ಕಾಲದ, ಅದೇ ಗುರುಪರಂಪರೆಗಳ ಇನ್ನೊಂದು ಭಾಗ ಓಲೆಗರಿಗಳಲ್ಲಿದ್ದು, ಮೂಡಬಿದಿರೆ, ಶ್ರವಣಬೆಳಗೊಳ, ಮೈಸೂರು ಮೊದಲಾದ ಕಡೆಗಳ ಭಂಡಾರಗಳಲ್ಲಿ ಹಂಚಿಹೋಗಿದೆ. ಕಲ್ಲನ್ನೂ ಓಲೆಯನ್ನೂ ಜೊತೆಯಲ್ಲಿರಿಸಿ ಓದಿದಾಗಲೇ ಒಬ್ಬ ಗುರುವಿನ ಕಾಲ, ಒಂದು ಟೀಕೆಯ ಕರ್ತೃತ್ವ, ಒಂದು ದಾನದ ಹಿನ್ನೆಲೆ ಸ್ಪಷ್ಟವಾಗುತ್ತದೆ. ಹಾಗೆ ಜೊತೆಯಲ್ಲಿರಿಸಿ ಓದಲು ವಿದ್ವಾಂಸನಿಗೆ ಬೇಕಾದ ಮೊದಲ ಸಾಧನವೆಂದರೆ ಸೂಚಿ.

ಒಂದು ಶತಮಾನಕ್ಕೂ ಮಿಕ್ಕಿದ ಅವಧಿಯಲ್ಲಿ ಈ ಸೂಚಿಗಳು ಅಚ್ಚಿನ ಸಂಪುಟಗಳಾಗಿ, ಭಂಡಾರದ ದಾಖಲು ಪುಸ್ತಕಗಳಾಗಿ, ಕಾರ್ಡುಗಳಾಗಿ ಬೆಳೆದವು. ಈಗ ಅವು ಅಂತರಜಾಲಕ್ಕೆ ಬಂದಿವೆ. ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಸಂಪುಟಗಳ ಛಾಯಾಪ್ರತಿಗಳು ಮನೆಯಲ್ಲಿ ಕುಳಿತೇ ದೊರೆಯುತ್ತವೆ. ಓಲೆಗರಿಗಳ ಚಿತ್ರಗಳನ್ನು ಗಣಕಯಂತ್ರದ ಪರದೆಯ ಮೇಲೆ ಹಿಗ್ಗಿಸಿ ಓದಬಹುದಾಗಿದೆ. ಇದು ಸಂತೋಷದ ಸಂಗತಿ. ಆದರೆ ಹೊಸ ಸಾಧನವು ಹಳೆಯ ಸೂಚಿಕಾರರು ಬಿಡಿಸಿದ ತೊಡಕುಗಳನ್ನು ತಾನಾಗಿ ಬಿಡಿಸಲಾರದು. ಅವರು ಬಿಡಿಸಿದ್ದನ್ನು ಅರಿಯದೆ ಬಳಸಿದರೆ ಮತ್ತೆ ಕಗ್ಗಂಟು ಮಾಡಲೂಬಲ್ಲದು. ಇದನ್ನು ಮೇಲ್ಕಂಡ ಮೂರು ಊರುಗಳ ದಾಖಲೆಗಳ ಮೂಲಕವೇ ಪರಿಶೀಲಿಸಿ, ಭಂಡಾರದ ನಿತ್ಯದ ಕೆಲಸದಲ್ಲಿ ಹೊಸ ಸಾಧನಕ್ಕೆ ಯಾವ ಸ್ಥಾನವಿರಬೇಕೆಂಬುದನ್ನು ಸೂಚಿಸುವುದು ಪ್ರಕೃತ ಲೇಖನದ ಉದ್ದೇಶ.

ಸಂಖ್ಯೆಯ ಸಮಸ್ಯೆ

ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟವಾಗಿ 1902ರಲ್ಲಿ ಪ್ರಕಟಿಸಿದರು. ತಾಲ್ಲೂಕಿನ ಹೆಸರು, ಅದರ ಮುಂದೆ ಒಂದು ಕ್ರಮಸಂಖ್ಯೆ, ಇದು ಅವರ ಪದ್ಧತಿ. ‘ಬೇಲೂರು 124’, ‘ಅರಸೀಕೆರೆ 77’ ಎಂದರೆ ಸಾಕು, ಶಾಸನ ಯಾವುದೆಂದು ವಿದ್ವಾಂಸರಿಗೆ ತಿಳಿಯುತ್ತಿತ್ತು. ಮುಂದಿನ ಪೀಳಿಗೆಯ ಇತಿಹಾಸಕಾರರೆಲ್ಲ ತಮ್ಮ ಅಡಿಟಿಪ್ಪಣಿಗಳಲ್ಲಿ ಈ ಸಂಖ್ಯೆಗಳನ್ನೇ ಬಳಸಿದರು. ಅನಂತರ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕೃತ ಆವೃತ್ತಿಯನ್ನು ಕೈಗೊಂಡಿತು. ಅದರಲ್ಲಿ ಬೇಲೂರು ತಾಲ್ಲೂಕಿನ ಸಂಪುಟ 1990ರಲ್ಲಿಯೂ ಅರಸೀಕೆರೆ ತಾಲ್ಲೂಕಿನ ಸಂಪುಟ 1997ರಲ್ಲಿಯೂ ಹೊರಬಂದವು. ಹೊಸ ಶಾಸನಗಳು ಸೇರಿದುದರಿಂದ ಕ್ರಮಸಂಖ್ಯೆಗಳು ಬದಲಾದವು.

ಇದರ ಪರಿಣಾಮವನ್ನು ಅರಿಯಲು ನೆರೆಯ ಶ್ರವಣಬೆಳಗೊಳದ ನಿದರ್ಶನವೇ ಸಾಕು. ಅಲ್ಲಿಯ ಶಾಸನಗಳನ್ನು ರೈಸ್ ಅವರು 1889ರಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ 144. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ ಅದು 500 ಆಯಿತು. 1973ರ ಆವೃತ್ತಿಯಲ್ಲಿ 573ಕ್ಕೆ ಏರಿತು. ಹೀಗಾಗಿ ರೈಸ್ ಅವರಿಗೆ ಸಿಕ್ಕಿದ್ದ ಪ್ರತಿಯೊಂದು ಶಾಸನಕ್ಕೂ ಇಂದು ಮೂರು ಸಂಖ್ಯೆಗಳಿವೆ. ಯಾವ ಆವೃತ್ತಿಯ ಸಂಖ್ಯೆ ಎಂಬುದನ್ನು ಹೇಳದೆ ಬರಿಯ ಅಂಕಿಯನ್ನು ಕೊಟ್ಟರೆ ಓದುಗನು ಬೇರೆಯೇ ಕಲ್ಲಿನ ಮುಂದೆ ಹೋಗಿ ನಿಲ್ಲುತ್ತಾನೆ.

ಅಚ್ಚಿನ ಸಂಪುಟದಲ್ಲಿ ಈ ಅಪಾಯ ಕಡಿಮೆ. ಸಂಪುಟವನ್ನು ಕೈಯಲ್ಲಿ ಹಿಡಿದವನಿಗೆ ಅದು ಯಾವ ಆವೃತ್ತಿ ಎಂಬುದು ಮುಖಪುಟದಲ್ಲಿಯೇ ಕಾಣುತ್ತದೆ. ಜಾಲದಲ್ಲಿ ಹುಡುಕಿದವನಿಗಾದರೋ ನಡುವಿನ ಒಂದು ಪುಟ ಮಾತ್ರ ಎದುರಾಗುತ್ತದೆ. ಮುಖಪುಟವನ್ನು ಅವನು ನೋಡುವುದೇ ಇಲ್ಲ. ಆದ್ದರಿಂದ ಅಂತರಜಾಲದ ಸೂಚಿಯಲ್ಲಿ ಸಂಖ್ಯೆಯ ಪಕ್ಕದಲ್ಲಿಯೇ ಆವೃತ್ತಿಯ ವರ್ಷವನ್ನು ಬರೆಯುವುದೂ ಹಳೆಯ, ಹೊಸ ಸಂಖ್ಯೆಗಳೆರಡನ್ನೂ ಒಂದೇ ನಮೂದಿನಲ್ಲಿ ಕೊಡುವುದೂ ಅನಿವಾರ್ಯ. ಹಸ್ತಪ್ರತಿಗಳಿಗೂ ಇದೇ ನಿಯಮ ಸಲ್ಲುತ್ತದೆ. ಕಪಾಟಿನ ಹಳೆಯ ಸಂಖ್ಯೆಯನ್ನು ಅಳಿಸಿ ಗಣಕಯಂತ್ರವು ಕೊಟ್ಟ ಸಂಖ್ಯೆಯನ್ನು ಮಾತ್ರ ಉಳಿಸಿದರೆ, ಆ ಹಳೆಯ ಸಂಖ್ಯೆಯನ್ನು ಉಲ್ಲೇಖಿಸಿದ ಅಷ್ಟೂ ಪ್ರಬಂಧಗಳ ಆಧಾರ ಕಡಿದುಹೋದಂತೆ.

ಊರಿನ ಹೆಸರು

ಹಳೇಬೀಡಿನ ಪಾರ್ಶ್ವನಾಥ ಬಸದಿಯನ್ನು ಗಂಗರಾಜನ ಮಗನಾದ ಬೊಪ್ಪನು ತನ್ನ ತಂದೆಯ ನೆನಪಿಗಾಗಿ 1133ರಲ್ಲಿ ಕಟ್ಟಿಸಿದನು. ಗಂಗರಾಜನ ಬಿರುದಿನಿಂದಲೇ ಅದು ದ್ರೋಹಘರಟ್ಟ ಜಿನಾಲಯವೆನಿಸಿತು. ಪ್ರತಿಷ್ಠೆಯ ಶೇಷೆಯನ್ನು ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಒಯ್ದಾಗ, ಆತನಿಗೆ ಯುದ್ಧದಲ್ಲಿ ಜಯವೂ ಪುತ್ರಲಾಭವೂ ಒಟ್ಟಿಗೆ ಆಗಿದ್ದವು. ಅದರಿಂದ ಹರ್ಷಗೊಂಡ ಅರಸನು ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನೆಂದು ಶಾಸನ ತಿಳಿಸುತ್ತದೆ.

ಈ ಶಾಸನವನ್ನು ಒಬ್ಬ ವಿದ್ಯಾರ್ಥಿ ಹುಡುಕುತ್ತಾನೆಂದು ಭಾವಿಸೋಣ. ಅವನು ‘ಹಳೇಬೀಡು’ ಎಂದು ಬರೆದು ಹುಡುಕುವುದು ಸಹಜ. ಆದರೆ ರೈಸ್ ಅವರ ಪದ್ಧತಿಯಲ್ಲಿ ಹಳೇಬೀಡಿಗೆ ಪ್ರತ್ಯೇಕ ವಿಭಾಗವಿಲ್ಲ. ಅದು ಬೇಲೂರು ತಾಲ್ಲೂಕಿಗೆ ಸೇರಿದುದರಿಂದ ಶಾಸನದ ಹೆಸರು ‘ಬೇಲೂರು 124’. ಶಾಸನವಿರುವ ನೆಲೆ ಹಳೇಬೀಡಿಗೆ ಹೊಂದಿಕೊಂಡ ಬಸ್ತಿಹಳ್ಳಿ. ಆ ಕಾಲದ ದಾಖಲೆಗಳಲ್ಲಿ ರಾಜಧಾನಿಯ ಹೆಸರು ದೋರಸಮುದ್ರ; ಸಂಸ್ಕೃತ ರೂಪ ದ್ವಾರಸಮುದ್ರ, ದ್ವಾರಾವತೀಪುರ. ಒಂದೇ ಬಸದಿಗೆ ಹೀಗೆ ನಾಲ್ಕೈದು ಊರಿನ ಹೆಸರುಗಳು. ಬೇಲೂರಿಗೂ ವೇಲಾಪುರವೆಂಬ ಹೆಸರುಂಟು. ಇಂದಿನ ಅರಸೀಕೆರೆ ಶಾಸನಗಳಲ್ಲಿ ಅರಸಿಯಕೆಱೆ. ಅದಕ್ಕೆ ಉದ್ಭವ ಸರ್ವಜ್ಞ ವಿಜಯ, ಬಲ್ಲಾಳಪುರ ಎಂಬ ಹೆಸರುಗಳೂ ಇದ್ದವು.

ಭಂಡಾರದಲ್ಲಿ ಹಲವು ವರ್ಷ ಕೆಲಸ ಮಾಡಿದ ಗ್ರಂಥಪಾಲಕನಿಗೆ ಇವೆಲ್ಲ ಬಾಯಿಪಾಠ. ಹಳೇಬೀಡೆಂದು ಕೇಳಿ ಬಂದವನಿಗೆ ಅವನು ಬೇಲೂರಿನ ಸಂಪುಟವನ್ನೇ ತೆಗೆದುಕೊಡುತ್ತಾನೆ. ಯಂತ್ರಕ್ಕೆ ಈ ತಿಳಿವಳಿಕೆಯಿಲ್ಲ. ಅದು ಅಕ್ಷರವನ್ನು ಅಕ್ಷರದೊಡನೆ ಹೋಲಿಸುತ್ತದೆ; ಹೊಂದದಿದ್ದರೆ ದಾಖಲೆಯೇ ಇಲ್ಲವೆಂದು ಹೇಳುತ್ತದೆ. ಈ ಉತ್ತರವೇ ಅತ್ಯಂತ ಅಪಾಯಕರವಾದುದು. ಕಪಾಟಿನಲ್ಲಿ ಸಿಗದ ಕಟ್ಟನ್ನು ಮತ್ತೊಮ್ಮೆ ಹುಡುಕುವ ಅಭ್ಯಾಸ ನಮ್ಮಲ್ಲಿದೆ. ಪರದೆಯ ಮೇಲೆ ಸಿಗದುದು ಲೋಕದಲ್ಲಿಯೇ ಇಲ್ಲವೆಂದು ನಂಬುವ ಅಭ್ಯಾಸ ಬೆಳೆಯುತ್ತಿದೆ. ಗ್ರಂಥಪಾಲಕನ ನೆನಪಿನಲ್ಲಿರುವ ಈ ಪರ್ಯಾಯನಾಮಗಳನ್ನು ಆತನು ನಿವೃತ್ತನಾಗುವ ಮೊದಲೇ ಪಟ್ಟಿಗೆ ಇಳಿಸಿ ಸೂಚಿಗೆ ಜೋಡಿಸುವುದು ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ.

ವ್ಯಕ್ತಿಯ ಹೆಸರು

ಊರಿನ ಹೆಸರಿನಲ್ಲಿ ಒಂದೇ ವಸ್ತುವಿಗೆ ಹಲವು ಹೆಸರುಗಳಿರುವುದು ಸಮಸ್ಯೆಯಾದರೆ, ವ್ಯಕ್ತಿಯ ಹೆಸರಿನಲ್ಲಿ ಸಮಸ್ಯೆ ಎರಡು ಬಗೆಯದು.

ಮೊದಲನೆಯದು, ಒಬ್ಬನಿಗೆ ಹಲವು ರೂಪಗಳಿರುವುದು. ಅರಸೀಕೆರೆಯ ಸಹಸ್ರಕೂಟ ಜಿನಾಲಯವು ವೀರಬಲ್ಲಾಳನ ಆಳ್ವಿಕೆಯಲ್ಲಿ, 1220ರ ಸುಮಾರಿಗೆ, ರೇಚರಸನೆಂಬ ಅಧಿಕಾರಿಯಿಂದ ಸ್ಥಾಪಿತವಾಯಿತು. ಈತನು ಮೊದಲು ಕಳಚುರ್ಯರ ಸೇವೆಯಲ್ಲಿದ್ದು ಅನಂತರ ಹೊಯ್ಸಳರ ಆಶ್ರಯಕ್ಕೆ ಬಂದವನು. ಜಿನಾಲಯದ ಹೊಣೆಯನ್ನು ಸಾಗರನಂದಿ ಸಿದ್ಧಾಂತದೇವರಿಗೆ ಒಪ್ಪಿಸಲಾಯಿತು. ಇತ್ತ ಶ್ರವಣಬೆಳಗೊಳದ ಬಳಿಯ ಜಿನನಾಥಪುರದಲ್ಲಿ ಸೊಗಸಾದ ಶಾಂತಿನಾಥ ಬಸದಿಯೊಂದಿದೆ. ಅದನ್ನು ಕಟ್ಟಿಸಿದವನು ವಸುಧೈಕಬಾಂಧವನೆಂಬ ಬಿರುದಿನ ರೇಚಿಮಯ್ಯ. ಅದನ್ನು ಒಪ್ಪಿಸಿದುದೂ ಸಾಗರನಂದಿ ಸಿದ್ಧಾಂತದೇವರಿಗೇ. ರೇಚ, ರೇಚಣ, ರೇಚಿ, ರೇಚಿಮಯ್ಯ, ರೇಚರಸ ಇವೆಲ್ಲ ಒಬ್ಬನ ಹೆಸರೆಂದು ತಿಳಿದಾಗ ಮಾತ್ರ ಎರಡು ಕಡೆಯ ದಾನಗಳು ಒಂದೇ ಜೀವನದ ಎರಡು ಘಟ್ಟಗಳಾಗಿ ಕಾಣುತ್ತವೆ. ಅದು ತಿಳಿಯದ ಸೂಚಿಯಲ್ಲಿ ಇಬ್ಬರು ಅಪರಿಚಿತರು ಎರಡು ಪುಟಗಳಲ್ಲಿ ಉಳಿದುಬಿಡುತ್ತಾರೆ.

ಎರಡನೆಯದು, ಹಲವರಿಗೆ ಒಂದೇ ಹೆಸರಿರುವುದು. ಇದು ಹೆಚ್ಚು ಕಠಿನ. ಕುಂದಕುಂದಾಚಾರ್ಯರ ಪ್ರಾಭೃತಗಳಿಗೆ ಕನ್ನಡ ಟೀಕೆಗಳನ್ನು ಬರೆದ ಅಧ್ಯಾತ್ಮಿ ಬಾಲಚಂದ್ರರು ನಯಕೀರ್ತಿ ಸಿದ್ಧಾಂತದೇವರ ಶಿಷ್ಯರು, ಹನ್ನೆರಡನೆಯ ಶತಮಾನದ ಉತ್ತರಾರ್ಧದವರು. ನಯಕೀರ್ತಿಯ ಶಿಷ್ಯರಾದ ಬಾಲಚಂದ್ರ ಮುನಿಗಳೇ ಶ್ರವಣಬೆಳಗೊಳದಲ್ಲಿ 1181ರಲ್ಲಿ ಅಕ್ಕನ ಬಸದಿಯನ್ನು ಕಟ್ಟಿಸಿದ ಆಚಲದೇವಿಯ ಗುರುಗಳು. ಹಳೇಬೀಡಿನಲ್ಲಿ ಸಮಾಧಿ ಶಾಸನವಿರುವ ಬಾಲಚಂದ್ರ ಪಂಡಿತದೇವರಾದರೋ 1274ರಲ್ಲಿ ಮುಡಿಪಿದವರು. ಅವರ ಶ್ರುತಗುರುಗಳಾದ ಅಭಯಚಂದ್ರ ಸೈದ್ಧಾಂತಿಕರು ಶಿಷ್ಯರ ಅನಂತರ, 1279ರಲ್ಲಿ, ದೇಹತ್ಯಾಗ ಮಾಡಿದರು. ಇಬ್ಬರು ಬಾಲಚಂದ್ರರ ನಡುವೆ ಸುಮಾರು ಒಂದು ಶತಮಾನದ ಅಂತರವಿದೆ. ಇಬ್ಬರೂ ಹೊಯ್ಸಳ ನಾಡಿನವರು, ಇಬ್ಬರೂ ಸಿದ್ಧಾಂತವೇತ್ತರು. ಓಲೆಗರಿಯ ಪುಷ್ಪಿಕೆಯಲ್ಲಿ ‘ಬಾಲಚಂದ್ರದೇವ’ ಎಂದಷ್ಟೇ ಇದ್ದರೆ ಯಾರೆಂದು ನಿರ್ಣಯಿಸುವುದು ಸುಲಭವಲ್ಲ.

ಶುಭಚಂದ್ರರ ವಿಷಯವೂ ಹೀಗೆಯೇ. ಗಂಗರಾಜನ ಗುರುಗಳಾಗಿ 1123ರಲ್ಲಿ ಮುಡಿಪಿದ ಶುಭಚಂದ್ರ ಸಿದ್ಧಾಂತದೇವರು ಬೇರೆ, ಜ್ಞಾನಾರ್ಣವದ ಕರ್ತೃ ಬೇರೆ, ಹದಿನಾರನೆಯ ಶತಮಾನದಲ್ಲಿ ಪಾಂಡವಪುರಾಣವನ್ನು ರಚಿಸಿದ ಭಟ್ಟಾರಕರು ಬೇರೆ. ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳನ್ನು 1907ರಿಂದ 1929ರವರೆಗಿನ ಅವಧಿಯಲ್ಲಿ ಹೊರತಂದ ನರಸಿಂಹಾಚಾರ್ಯರು, ಶಾಸನಗಳನ್ನೂ ಹಸ್ತಪ್ರತಿಗಳನ್ನೂ ಒಟ್ಟಿಗೆ ಬಲ್ಲವರಾದುದರಿಂದಲೇ ಇಂತಹ ಸಮನಾಮಗಳನ್ನು ಬಿಡಿಸುವ ದಾರಿಯನ್ನು ತೋರಿಸಿದರು. ಗಣಕಯಂತ್ರದ ಸೂಚಿಯಲ್ಲಿ ‘ಕರ್ತೃ’ ಎಂಬ ಕಂಡಿಯನ್ನು ತುಂಬದೆ ಮುಂದುವರಿಯಲು ಅನೇಕ ವೇಳೆ ಅವಕಾಶವಿರುವುದಿಲ್ಲ. ಅವಸರದಲ್ಲಿದ್ದ ಸಹಾಯಕನು ಪಟ್ಟಿಯಲ್ಲಿ ಕಂಡ ಮೊದಲ ಬಾಲಚಂದ್ರನನ್ನು ಆಯ್ದು ಒತ್ತುತ್ತಾನೆ. ಆ ಒಂದು ಒತ್ತಿನಿಂದ ಹುಟ್ಟಿದ ತಪ್ಪು ಹತ್ತು ಸೂಚಿಗಳಿಗೆ ನಕಲಾಗಿ, ಹತ್ತು ಆಧಾರಗಳಿರುವ ಸತ್ಯದಂತೆ ಮೆರೆಯುತ್ತದೆ.

ಅಕ್ಷರದ ಸಮಸ್ಯೆ

ಹೊಯ್ಸಳ ಕಾಲದ ಬರಹದಲ್ಲಿ ಶಕಟರೇಫವೂ (ಱ) ರೞವೂ (ೞ) ಬಳಕೆಯಲ್ಲಿದ್ದವು. ‘ಕೆಱೆ’ ಎಂಬುದನ್ನು ‘ಕೆರೆ’ ಎಂದು ಹುಡುಕಿದರೆ ಸಿಗದು. ‘ಕೆರೆ’ ಎಂದು ತಿದ್ದಿ ಬರೆದರೆ ಮೂಲಪಾಠ ಕೆಟ್ಟಿತು. ಯುನಿಕೋಡ್ ಎಂಬ ಅಂತರರಾಷ್ಟ್ರೀಯ ಲಿಪಿಸಂಕೇತದಲ್ಲಿ ಈ ಎರಡು ಅಕ್ಷರಗಳಿಗೂ ಸ್ಥಾನವಿದೆ. ಆದರೆ ರೞಕ್ಕೆ ಅಲ್ಲಿ ತಪ್ಪಾಗಿ ‘ಫ’ ಎಂಬರ್ಥದ ಹೆಸರು ಅಂಟಿಕೊಂಡಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಿದ್ದುಪಡಿಯನ್ನು ಬೇರೆಯಾಗಿ ಸೂಚಿಸಲಾಗಿದೆಯೇ ಹೊರತು ಹೆಸರು ಹಾಗೆಯೇ ಉಳಿದಿದೆ. ಹಳಗನ್ನಡ ಬಲ್ಲವರ ಮಾತು ಸಕಾಲಕ್ಕೆ ತಲುಪದಿದ್ದರೆ ತಪ್ಪು ಎಷ್ಟು ಕಾಲ ನಿಲ್ಲುತ್ತದೆಂಬುದಕ್ಕೆ ಇದು ಉದಾಹರಣೆ.

ಲಿಪ್ಯಂತರವೂ ಹೀಗೆಯೇ ತೊಡಕಿನದು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ, ಕಾರ್ಕಳ ಮೊದಲಾದ ಕಡೆಗಳ ಓಲೆಗ್ರಂಥಗಳನ್ನು ಪರಿಶೀಲಿಸಿ ಸಿದ್ಧಪಡಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯನ್ನು ಭಾರತೀಯ ಜ್ಞಾನಪೀಠವು 1948ರಲ್ಲಿ ನಾಗರಿಯಲ್ಲಿ ಪ್ರಕಟಿಸಿತು. ಉತ್ತರ ಭಾರತದ ವಿದ್ವಾಂಸರಿಗೆ ಕನ್ನಡ ನಾಡಿನ ಭಂಡಾರಗಳ ಬಾಗಿಲು ತೆರೆದ ಕೃತಿಯದು. ಆದರೆ ನಾಗರಿಯ ರೂಢಿಯ ಬರಹದಲ್ಲಿ ಹ್ರಸ್ವ ಎಕಾರ, ಒಕಾರಗಳಿಗೆ ಪ್ರತ್ಯೇಕ ಚಿಹ್ನೆಯಿಲ್ಲ. ನಾಗರಿಯಿಂದ ಕನ್ನಡಕ್ಕೆ ಯಂತ್ರವೇ ಮರಳಿಸಿದಾಗ ‘ಬೊಪ್ಪ’ನು ‘ಬೋಪ್ಪ’ನಾಗುವ ಸಂಭವವುಂಟು. ಮೂಲದ ಪಾಠ, ಹುಡುಕಾಟಕ್ಕೆ ಅನುಕೂಲವಾದ ಸರಳ ರೂಪ, ಇವೆರಡನ್ನೂ ಬೇರೆ ಬೇರೆ ಕಂಡಿಗಳಲ್ಲಿ ಕೊಡುವುದೇ ಇದಕ್ಕೆ ಪರಿಹಾರ. ಕಾಲನಿರ್ದೇಶಕ್ಕೂ ಇದೇ ಕ್ರಮ ತಕ್ಕದ್ದು. ಶಕವರ್ಷವು ಚೈತ್ರದಿಂದ ಫಾಲ್ಗುಣದವರೆಗೆ ಸಾಗಿ ಎರಡು ಕ್ರಿಸ್ತವರ್ಷಗಳನ್ನು ಮುಟ್ಟುವುದರಿಂದ, ಮೂಲದ ಶಕವರ್ಷ, ಸಂವತ್ಸರ, ತಿಥಿಗಳನ್ನು ಇದ್ದಂತೆ ಬರೆದು ಪರಿವರ್ತಿಸಿದ ವರ್ಷವನ್ನು ಬೇರೆಯಾಗಿ ನಮೂದಿಸಬೇಕು.

ವಿಷಯನಿರ್ದೇಶದ ಹೊಣೆ

ಜಾಲದ ಸೂಚಿಗಳಲ್ಲಿ ಪ್ರತಿ ದಾಖಲೆಗೂ ವಿಷಯಸೂಚಕ ಪದಗಳನ್ನು ಹಚ್ಚುವ ರೂಢಿಯಿದೆ. ಇದು ಸಣ್ಣ ಕೆಲಸವೆಂದು ಕಾಣಬಹುದು, ಹಾಗಲ್ಲ. ಹಳೇಬೀಡಿನ 1638ರ ಶಾಸನವನ್ನು ನೋಡೋಣ. ವಿಜಯಪಾರ್ಶ್ವ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವನೆಂಬವನು ಲಿಂಗಮುದ್ರೆಯನ್ನು ಒತ್ತಿದನು. ವಿಜಯಪ್ಪನೆಂಬವನು ಅದನ್ನು ಅಳಿಸಿದನು. ವಿವಾದವೆದ್ದಿತು. ಬೇಲೂರಿನ ನಾಯಕರ ಆಳ್ವಿಕೆಯ ಆ ಕಾಲದಲ್ಲಿ ಜೈನಪ್ರಮುಖರೂ ವೀರಶೈವ ಮಹಾಮಹತ್ತಿನವರೂ ಕೂಡಿ ಮಾತನಾಡಿ ಒಂದು ತೀರ್ಮಾನಕ್ಕೆ ಬಂದರು. ಮೊದಲು ವಿಭೂತಿ, ವೀಳ್ಯಗಳನ್ನು ಸಲ್ಲಿಸಿ, ಅನಂತರ ಬಸದಿಯ ಪೂಜೆಪುರಸ್ಕಾರಗಳನ್ನು ಹಿಂದಿನಂತೆ ನಡೆಸಿಕೊಂಡು ಬರಬೇಕೆಂದು ಗೊತ್ತಾಯಿತು. ಜೈನರಿಗೆ ಅಡ್ಡಿಮಾಡುವವನು ಮಹಾಮಹತ್ತಿಗೇ ದ್ರೋಹಿಯೆಂದು ವೀರಶೈವ ಪ್ರಮುಖರೇ ಬರೆಸಿದರು.

ಈ ದಾಖಲೆಗೆ ‘ಮತೀಯ ಸಂಘರ್ಷ’ ಎಂಬ ಒಂದೇ ಪದವನ್ನು ಹಚ್ಚಿದರೆ ಅದು ಅರ್ಧಸತ್ಯ. ‘ಸಾಮರಸ್ಯ’ ಎಂದಷ್ಟೇ ಹಚ್ಚಿದರೂ ಅರ್ಧಸತ್ಯವೇ. ವಿಭೂತಿ, ವೀಳ್ಯಗಳು ಮೊದಲು ಸಲ್ಲಬೇಕೆಂಬ ಕರಾರು ಅದರಲ್ಲಿ ಮರೆಯಾಗುತ್ತದೆ. ಶಾಸನವನ್ನು ಪೂರ್ತಿ ಓದುವ ವ್ಯವಧಾನವಿಲ್ಲದ ಸಾವಿರ ಮಂದಿ ಆ ಒಂದು ಪದವನ್ನೇ ಶಾಸನವೆಂದು ತಿಳಿಯುತ್ತಾರೆ. ವಿವಾದ, ಕರಾರು, ಒಪ್ಪಂದ ಈ ಮೂರನ್ನೂ ಕಾಣಿಸಿ, ಎರಡು ವಾಕ್ಯಗಳ ಸಾರಾಂಶವನ್ನು ಕೊಡುವುದು ಸೂಚಿಕಾರನ ಧರ್ಮ. ಈ ಕೆಲಸ ದಾಖಲೆಯನ್ನು ಸ್ವತಃ ಓದಿದವನಿಂದಲೇ ಆಗಬೇಕು.

ಓಲೆಯ ನೆಲೆ

ಹಸ್ತಪ್ರತಿ ಇಂದು ಎಲ್ಲಿದೆ ಎಂಬುದೂ ಎಲ್ಲಿ ಹುಟ್ಟಿತೆಂಬುದೂ ಬೇರೆ ಬೇರೆ ಸಂಗತಿಗಳು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದ ಧವಲಾ ಟೀಕೆಯ ಓಲೆಪ್ರತಿಗಳಲ್ಲಿ ಒಂದು, ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ಗಂಗಮನೆತನದ ಮಹಿಳೆಯೊಬ್ಬಳಿಂದ ಶುಭಚಂದ್ರ ಸಿದ್ಧಾಂತದೇವರಿಗೆ ಶಾಸ್ತ್ರದಾನವಾಗಿ ಸಂದುದು. ಅಂದರೆ ಘಟ್ಟದ ಕೆಳಗೆ ಕಾಪಾಡಲ್ಪಟ್ಟ ಆ ಪ್ರತಿ ಮೂಲತಃ ಘಟ್ಟದ ಮೇಲಿನದು. ಷಟ್ಖಂಡಾಗಮದ ಈ ಟೀಕೆ 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಅಚ್ಚಾಗತೊಡಗಿತು. ಸೂಚಿಯಲ್ಲಿ ‘ಸ್ಥಳ: ಮೂಡಬಿದಿರೆ’ ಎಂದಷ್ಟೇ ಇದ್ದರೆ, ಹೊಯ್ಸಳ ನಾಡಿನ ಓಲೆಗಳನ್ನು ಹುಡುಕುವವನಿಗೆ ಇದು ಸಿಗುವುದೇ ಇಲ್ಲ. ಬರೆದ ಸ್ಥಳ, ದಾನವಾದ ಸ್ಥಳ, ಇರುವ ಸ್ಥಳ ಈ ಮೂರಕ್ಕೂ ಮೂರು ಕಂಡಿಗಳು ಬೇಕು.

2003ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ದೇಶದ ಹಸ್ತಪ್ರತಿಗಳ ಮಾಹಿತಿಯನ್ನು ಜಾಲದ ಮೇಲೆ ಒಟ್ಟುಗೂಡಿಸುವ ಕಾರ್ಯವನ್ನು ಆರಂಭಿಸಿತು. 2025ರ ಕೇಂದ್ರ ಮುಂಗಡಪತ್ರದಲ್ಲಿ ಜ್ಞಾನಭಾರತಂ ಎಂಬ ಹೆಸರಿನಲ್ಲಿ ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳ ಸಮೀಕ್ಷೆ ಹಾಗೂ ಸಂರಕ್ಷಣೆಯ ಯೋಜನೆ ಘೋಷಿತವಾಯಿತು. ಇಂತಹ ಮಹಾಯೋಜನೆಗಳಲ್ಲಿ ವೇಗಕ್ಕೆ ಪ್ರಾಶಸ್ತ್ಯ ದೊರೆಯುವುದು ಸ್ವಾಭಾವಿಕ. ಆದುದರಿಂದ ಮೇಲೆ ವಿವರಿಸಿದ ಎಚ್ಚರ ಸಣ್ಣ ಭಂಡಾರಗಳ ಮಟ್ಟದಲ್ಲಿಯೇ ಆರಂಭವಾಗಬೇಕು.

ನಿತ್ಯದ ಕೆಲಸದಲ್ಲಿ ಹೊಸ ಸಾಧನ

ಓಲೆಕಟ್ಟೊಂದು ಭಂಡಾರಕ್ಕೆ ಬಂದಾಗ ದಾಖಲು ಪುಸ್ತಕದಲ್ಲಿ ಬರೆಯುವುದು, ದೂಳು ತೆಗೆದು ಎಣ್ಣೆ ಸವರುವುದು, ಗರಿಗಳನ್ನು ಎಣಿಸಿ ಅಸ್ತವ್ಯಸ್ತವಾದುವನ್ನು ಕ್ರಮಪಡಿಸುವುದು, ಆದಿ ಅಂತ್ಯಗಳನ್ನೂ ಪುಷ್ಪಿಕೆಯನ್ನೂ ಓದಿ ಬರೆದುಕೊಳ್ಳುವುದು ಇದು ನಮ್ಮ ಹಿರಿಯರು ಹಾಕಿಕೊಟ್ಟ ಕ್ರಮ. ಹೊಸ ಸಾಧನವು ಈ ಕ್ರಮದ ಕೊನೆಯಲ್ಲಿ ಬರಬೇಕೇ ಹೊರತು ಅದರ ಸ್ಥಾನದಲ್ಲಿ ಅಲ್ಲ. ಗರಿಗಳನ್ನು ಎಣಿಸುವ ಮೊದಲೇ ಚಿತ್ರ ತೆಗೆದರೆ ಅಸ್ತವ್ಯಸ್ತತೆಯೇ ಶಾಶ್ವತವಾಗುತ್ತದೆ. ಪುಷ್ಪಿಕೆಯನ್ನು ಓದುವ ಮೊದಲೇ ನಮೂದು ಮಾಡಿದರೆ ಹಲಗೆಯ ಮೇಲಿನ ಹಳೆಯ ಚೀಟಿಯ ತಪ್ಪೇ ಜಾಲಕ್ಕೆ ಏರುತ್ತದೆ.

ಈ ಕ್ರಮಕ್ಕೆ ಮೂರು ಅಭ್ಯಾಸಗಳು ಸೇರಿದರೆ ಸಾಕು. ಒಂದು, ದಿನವೂ ಓದುಗರು ಕೇಳಿದ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಸೂಚಿಯಲ್ಲಿ ಸಿಗದಿದ್ದ ರೂಪಗಳನ್ನು ವಾರಕ್ಕೊಮ್ಮೆ ಪರ್ಯಾಯನಾಮಗಳಾಗಿ ಸೇರಿಸುವುದು. ಎರಡು, ಓಲೆಯಲ್ಲಿ ಕಂಡುದನ್ನೂ ಸೂಚಿಕಾರನು ಊಹಿಸಿದುದನ್ನೂ ಬೇರೆಯಾಗಿ ಗುರುತಿಸಿ, ತಿದ್ದುಪಡಿ ಮಾಡಿದವನ ಹೆಸರು, ದಿನಾಂಕಗಳನ್ನು ದಾಖಲಿಸುವುದು. ಕರ್ತೃ ಅನಿಶ್ಚಿತನಾದರೆ ಅನಿಶ್ಚಿತನೆಂದೇ ಬರೆಯುವ ಧೈರ್ಯ ಮಾಡುವುದು. ಮೂರು, ಜಾಲದ ಸೂಚಿಯನ್ನು ವರ್ಷಕ್ಕೊಮ್ಮೆ ಕಾಗದದ ಮೇಲೆ ಮುದ್ರಿಸಿ ಭಂಡಾರದಲ್ಲಿರಿಸುವುದು, ಚಿತ್ರಗಳ ಪ್ರತಿಗಳನ್ನು ಬೇರೆ ಬೇರೆ ಊರುಗಳಲ್ಲಿ ಕಾಪಾಡುವುದು.

ಮೂರನೆಯದಕ್ಕೆ ತಕ್ಕ ದಿನ ನಮ್ಮ ಪಂಚಾಂಗದಲ್ಲಿಯೇ ಇದೆ. ಪುಷ್ಪದಂತ, ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ಗ್ರಂಥಸ್ಥಗೊಳಿಸಿದ ನೆನಪಿಗಾಗಿ ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿಯನ್ನು ಆಚರಿಸಿ, ಶಾಸ್ತ್ರಗಳನ್ನು ಹೊರತೆಗೆದು, ಶುಚಿಗೊಳಿಸಿ, ಹೊಸ ವಸ್ತ್ರದಲ್ಲಿ ಕಟ್ಟಿ ಪೂಜಿಸುವ ಸಂಪ್ರದಾಯ ಪ್ರಾಚೀನವಾದುದು. ಆ ದಿನ ಓಲೆಕಟ್ಟುಗಳ ಜೊತೆಗೆ ಅವುಗಳ ಛಾಯಾಪ್ರತಿಗಳೂ ತೆರೆಯುತ್ತವೆಯೇ, ಸೂಚಿಯ ಸಂಖ್ಯೆಯೂ ಕಪಾಟಿನ ಸಂಖ್ಯೆಯೂ ಹೊಂದುತ್ತವೆಯೇ ಎಂದು ಪರಿಶೀಲಿಸುವುದು ಆ ಆಚರಣೆಯ ಸಹಜವಾದ ವಿಸ್ತರಣೆ. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯು, ಗ್ರಂಥ ಉಳಿಯಬೇಕಾದರೆ ಹಲವು ಕೈಗಳಲ್ಲಿರಬೇಕೆಂಬುದನ್ನು ಹತ್ತನೆಯ ಶತಮಾನದಲ್ಲಿಯೇ ಅರಿತಿದ್ದಳು.

ಬೇಲೂರು, ಹಳೇಬೀಡುಗಳ ದೇವಾಲಯಗಳು ಸೋಮನಾಥಪುರದ ದೇವಾಲಯದೊಡನೆ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಈ ಊರುಗಳ ಹೆಸರನ್ನು ಜಗತ್ತಿನ ನಾನಾ ಕಡೆಗಳಿಂದ ಹುಡುಕುವವರು ಹೆಚ್ಚುವುದು ಸಹಜ. ಅವರ ಕಣ್ಣಿಗೆ ವಿಜಯಪಾರ್ಶ್ವ ಬಸದಿಯೂ ಅರಸೀಕೆರೆಯ ಸಹಸ್ರಕೂಟವೂ ಇಬ್ಬರು ಬಾಲಚಂದ್ರರೂ ಬೀಳುವರೋ ಇಲ್ಲವೋ ಎಂಬುದು ಯಂತ್ರದ ಶಕ್ತಿಗಿಂತ ಹೆಚ್ಚಾಗಿ ನಮ್ಮ ಭಂಡಾರಗಳಲ್ಲಿ ಇಂದು ಬರೆಯುವ ನಮೂದನ್ನು ಅವಲಂಬಿಸಿದೆ. ಸಹಸ್ರಕೂಟದ ಸಾಗರನಂದಿಗಳು ಮೂಲಸಂಘದ ದೇಶಿಯಗಣದ ಪುಸ್ತಕಗಚ್ಛಕ್ಕೆ ಸೇರಿದವರು. ಪುಸ್ತಕದ ಹೆಸರನ್ನೇ ಹೊತ್ತ ಗಚ್ಛವೊಂದು ಬೆಳೆದ ಈ ನಾಡಿನಲ್ಲಿ ಸೂಚಿಯ ಒಂದೊಂದು ನಮೂದೂ ಶಾಸ್ತ್ರದಾನದಷ್ಟೇ ಶ್ರದ್ಧೆಯಿಂದ ನಡೆಯಬೇಕಾದ ಕಾರ್ಯವಾಗಿದೆ.